ಮ್ಯೌಂಗ್‌ಮ್ಯಾದ ಅಧಿಪತಿ ಲೌಕ್‌ಪ್ಯಾ

ಕ್ರಿ. ಶ. 1385ರಲ್ಲಿ, ಬ್ರಹ್ಮದೇಶದ ಶಕದ ಪ್ರಕಾರ 747ನೆಯ ವರ್ಷದಲ್ಲಿ, ಐರಾವತೀ ನದಿಯ ಅಳಿವೆಯ ಸೀಮೆಯಿಂದ ಉತ್ತರದ ಒಳನಾಡಿಗೆ ಒಂದು ಓಲೆ ಹೋಯಿತು. ಕಳುಹಿಸಿದವನು ಮ್ಯೌಂಗ್‌ಮ್ಯಾ ಎಂಬ ಊರಿನ ಅಧಿಪತಿಯಾದ ಲೌಕ್‌ಪ್ಯಾ. ಪಡೆದವನು ಆವಾ ಪಟ್ಟಣದ ಅರಸನಾದ ಸ್ವಾಸಾಕೆ. ಓಲೆಯ ಸಾರ ಇಷ್ಟೆ: ದಕ್ಷಿಣದ ಪೆಗು ಸಿಂಹಾಸನವನ್ನು ಈಗ ಒಬ್ಬ ಹುಡುಗನು ಏರಿದ್ದಾನೆ; ಅವನ ಬೇರು ನೆಲಕ್ಕೆ ಇಳಿಯುವ ಮೊದಲೇ ದೊರೆಯು ದಂಡೆತ್ತಿ ಬರಬೇಕು; ನಾನು ನನ್ನ ದೋಣಿಗಳೊಡನೆ ಕೆಳಗಿನಿಂದ ಬಂದು ಸೇರುವೆನು; ಗೆದ್ದ ರಾಜ್ಯವು ದೊರೆಗಿರಲಿ, ನನ್ನ ಸೀಮೆಯನ್ನು ನನಗೆ ಬಿಟ್ಟರೆ ಸಾಕು, ಆವಾದ ಮಾಂಡಲಿಕನಾಗಿ ಇರುವೆನು.

ಈ ಓಲೆಯಿಂದ ಹೊತ್ತಿಕೊಂಡ ಯುದ್ಧವು ನಡುನಡುವೆ ನಿಂತು ನಿಂತು 1424ರ ವರೆಗೆ ನಡೆಯಿತು. ಚರಿತ್ರಕಾರರು ಅದನ್ನು ನಲವತ್ತು ವರ್ಷಗಳ ಯುದ್ಧವೆಂದು ಕರೆಯುವರು. ಓಲೆಯನ್ನು ಬರೆಯಿಸಿದವನು ಐದು ವರ್ಷಗಳೊಳಗಾಗಿ ಸೆರೆಸಿಕ್ಕನು; ಅದನ್ನು ಓದಿ ದಂಡೆತ್ತಿದವನು 1400ರಲ್ಲಿ ತೀರಿಕೊಂಡನು; ಯುದ್ಧವು ಮಾತ್ರ ಅವರಿಬ್ಬರನ್ನೂ ಮೀರಿ ಬದುಕಿತು. ಆದುದರಿಂದ ಲೌಕ್‌ಪ್ಯಾನ ಹೆಸರು ಎಲ್ಲಿ ಬಂದರೂ ಅದರ ಹಿಂದೆ ದ್ರೋಹಿಯೆಂಬ ಮಾತು ನೆರಳಿನಂತೆ ಬರುವುದು ಸಹಜವಾಗಿದೆ. ಈ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಅವನು ಕುಳಿತಿದ್ದ ಜಾಗದಲ್ಲಿ ನಾವು ಒಂದು ಗಳಿಗೆ ಕುಳಿತು ನೋಡಿದರೆ, ಅವನ ತಪ್ಪು ದ್ರೋಹಕ್ಕಿಂತ ಬೇರೆ ಬಗೆಯದಾಗಿ ಕಾಣುವುದೆಂದು ತೋರುತ್ತದೆ.

ಬ್ರಹ್ಮದೇಶದ, ಎಂದರೆ ಈಗಿನ ಮ್ಯಾನ್ಮಾರಿನ, ಹಳೆಯ ಚರಿತ್ರೆಯು ನಮ್ಮ ವಾಚಕರಲ್ಲಿ ಬಹುಮಂದಿಗೆ ಅಷ್ಟು ಪರಿಚಿತವಲ್ಲವಾದ ಕಾರಣ ಒಂದೆರಡು ಮಾತುಗಳನ್ನು ಮೊದಲೇ ಹೇಳಬೇಕು. ಆ ದೇಶದ ಬಹುಭಾಗವನ್ನು ಎರಡು ಶತಮಾನಗಳಿಗೂ ಮೀರಿ ಆಳಿದ ಪಗಾನ್ ಸಾಮ್ರಾಜ್ಯವು 1287ರ ಹೊತ್ತಿಗೆ ಮಂಗೋಲರ ಧಾಳಿಯಿಂದಲೂ ಒಳಗಿನ ಕಲಹಗಳಿಂದಲೂ ಕುಸಿದುಬಿದ್ದಿತು. ಅದೇ ವರ್ಷ ದಕ್ಷಿಣದ ಮೋನ್ ಜನರ ನಾಡಿನಲ್ಲಿ, ಸಾಲ್ವೀನ್ ನದಿಯ ಮುಖದಲ್ಲಿರುವ ಮರ್ತಬಾನ್ ಪಟ್ಟಣದಲ್ಲಿ, ವಾರೇರು ಎಂಬವನು ಸ್ವತಂತ್ರ ರಾಜ್ಯವನ್ನು ಹೂಡಿದನು. (ಹಿಂದೂಸ್ಥಾನಿ ಆಡುವವರ ಮನೆಗಳಲ್ಲಿ ಉಪ್ಪಿನಕಾಯಿಯ ಪಿಂಗಾಣಿ ಜಾಡಿಗೆ ಮರ್ತಬಾನ್ ಎನ್ನುವುದುಂಟು, ಆ ಹೆಸರು ಈ ರೇವುಪಟ್ಟಣದ್ದೇ.) ಉತ್ತರದಲ್ಲಿ ಬರ್ಮೀಯರ ನಾಡು ಕೆಲವು ಕಾಲ ಒಡೆದುಹೋಗಿದ್ದು, 1365ರಲ್ಲಿ ಥಾಡೊ ಮಿನ್‌ಬ್ಯಾ ಎಂಬ ಯುವಕನು ಐರಾವತಿಯೂ ಮಿತ್‌ಂಗೆ ನದಿಯೂ ಕೂಡುವ ಸ್ಥಳದಲ್ಲಿ ಆವಾ ನಗರವನ್ನು ಕಟ್ಟಿಸಿ ಅದನ್ನು ಒಂದುಗೂಡಿಸಿದನು. ಆವಾಕ್ಕೆ ಗ್ರಂಥಗಳಲ್ಲಿ ರತ್ನಪುರವೆಂದೂ, ಪೆಗುವಿಗೆ ಹಂಸಾವತಿಯೆಂದೂ ಹೆಸರು. ರತ್ನಪುರದವರು ತಮ್ಮನ್ನು ಪಗಾನ್ ಅರಸರ ಉತ್ತರಾಧಿಕಾರಿಗಳೆಂದು ಎಣಿಸಿದರು. ಆ ಎಣಿಕೆಯ ಪ್ರಕಾರ ಹಂಸಾವತಿಯವರು ಕೈತಪ್ಪಿಹೋದ ಪ್ರಾಂತದವರೇ ಹೊರತು ಸಮಾನರಾದ ಅರಸರಲ್ಲ. ಲೌಕ್‌ಪ್ಯಾನ ಓಲೆಯು ಹೋಗಿ ಬಿದ್ದುದು ಇಂಥ ಮನಸ್ಸಿನ ಮೇಲೆ.

ಮೋನ್ ರಾಜ್ಯವು ಮೂರು ದೊಡ್ಡ ಸೀಮೆಗಳಾಗಿ ಹಂಚಿಹೋಗಿತ್ತು. ಪೂರ್ವಕ್ಕೆ ಮರ್ತಬಾನ್, ನಡುವೆ ಪೆಗು, ಪಶ್ಚಿಮಕ್ಕೆ ಐರಾವತಿಯ ಅಳಿವೆಯಾದ ಮ್ಯೌಂಗ್‌ಮ್ಯಾ. ಒಂದೊಂದರಲ್ಲಿಯೂ ಮೂವತ್ತೆರಡು ಊರುಗಳೆಂಬುದು ಸಂಪ್ರದಾಯದ ಲೆಕ್ಕ. ಊರನ್ನು ಪಡೆದ ಅಧಿಪತಿಗೆ ಬರ್ಮೀ ಭಾಷೆಯಲ್ಲಿ ಮ್ಯೋಜಾ ಎಂದು ಹೆಸರು. ಊರನ್ನು ಉಣ್ಣುವವನು ಎಂದು ಅದರ ಅಕ್ಷರಾರ್ಥ. ಉಣ್ಣುವ ಮಾತಿನಿಂದಲೇ ಹುಟ್ಟಿದ ಉಂಬಳಿ ಎಂಬ ಪದವನ್ನು ಬಲ್ಲ ನಮಗೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಕಂದಾಯವನ್ನು ಎತ್ತುವುದು, ಅದರಲ್ಲಿ ದೊರೆಯ ಪಾಲನ್ನು ಮೇಲಕ್ಕೆ ಕಳುಹಿಸುವುದು, ಕರೆ ಬಂದಾಗ ಆಳು, ಆನೆ, ದೋಣಿಗಳೊಡನೆ ಹೋಗಿ ನಿಲ್ಲುವುದು, ಇವು ಅವನ ಕರ್ತವ್ಯ. ಅವನು ಆಡಳಿತಗಾರನೂ ಹೌದು, ದಳವಾಯಿಯೂ ಹೌದು. ದೊರೆಯು ಬಲಿಷ್ಠನಾಗಿದ್ದರೆ ಅವನು ಸೇವಕ. ದೊರೆಯು ದುರ್ಬಲನಾದರೆ ಅದೇ ಊರು, ಅದೇ ಸೈನ್ಯ, ಅದೇ ಬೊಕ್ಕಸ ಅವನನ್ನು ಅರಸನನ್ನಾಗಿ ಮಾಡಬಲ್ಲವು. ಈ ಎರಡು ಸ್ಥಿತಿಗಳ ನಡುವೆ ಗೋಡೆಯಿರಲಿಲ್ಲ. ಒಂದು ತೆಳುವಾದ ಪರದೆ ಮಾತ್ರವಿತ್ತು.

ಮ್ಯೌಂಗ್‌ಮ್ಯಾದ ಸೀಮೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆಯನ್ನು ಇಲ್ಲಿಯೇ ನಿವಾರಿಸಬೇಕು. ಐರಾವತಿಯ ಅಳಿವೆಯೆಂದೊಡನೆ ಕಣ್ಣು ಮುಟ್ಟುವವರೆಗೆ ಹಬ್ಬಿದ ಬತ್ತದ ಗದ್ದೆಗಳು ನಮ್ಮ ನೆನಪಿಗೆ ಬರುವುವು. ಆ ಗದ್ದೆಗಳ ಬಹುಭಾಗವು 1852ರ ಯುದ್ಧದಲ್ಲಿ ಆಂಗ್ಲರು ಆ ಪ್ರಾಂತವನ್ನು ತೆಗೆದುಕೊಂಡ ಮೇಲೆ, ಕಾಡು ಕಡಿದು ಏರಿ ಕಟ್ಟಿ ಮಾಡಿದವು. ಲೌಕ್‌ಪ್ಯಾನ ಕಾಲದಲ್ಲಿ ಅದು ವಿರಳವಾದ ಜನವಸತಿಯ, ಉಪ್ಪುನೀರಿನ ಕಾಂಡ್ಲಾ ಕಾಡುಗಳ, ಉಬ್ಬರವಿಳಿತಗಳಿಗೆ ಏರುತ್ತಿಳಿಯುತ್ತಿದ್ದ ಸಾವಿರ ಕಾಲುವೆಗಳ ನಾಡು. ಅದರ ಸಂಪತ್ತು ಮೀನು, ಉಪ್ಪು, ಮತ್ತು ಬಸ್ಸೀನಿನ ರೇವು. ಅದರ ಕೋಟೆಯೆಂದರೆ ಆ ಕಾಲುವೆಗಳೇ. ದಾರಿಯನ್ನು ಅರಿತ ದೋಣಿಗಾರನಿಲ್ಲದೆ ಹೊರಗಿನ ದಂಡು ಅಲ್ಲಿ ಹೊಕ್ಕರೆ, ಏರಿದ್ದ ನೀರು ಇಳಿದ ಗಳಿಗೆಯಲ್ಲಿ ಕೆಸರಿನ ಮೇಲೆ ಕುಳಿತುಬಿಡುವುದು. ಇಂಥ ಸೀಮೆಯ ಅಧಿಪತಿಯು ದೂರದ ಅರಸನಿಗೆ ಅಂಜದಿರುವುದನ್ನು ಬಲುಬೇಗ ಕಲಿತುಕೊಳ್ಳುವನು.

ಲೌಕ್‌ಪ್ಯಾನು ಅದನ್ನು ಕಲಿತದ್ದು 1364ರಲ್ಲಿ. ಆಗ ಮೋನ್ ರಾಜ್ಯವನ್ನು ಆಳುತ್ತಿದ್ದವನು ಬಿನ್ಯಾ ಊ. ಅವನಲ್ಲಿದ್ದ ಬಿಳಿಯ ಆನೆಯು ಸತ್ತಿತು. ಬೌದ್ಧ ದೊರೆಗಳಿಗೆ ಬಿಳಿಯ ಆನೆಯೆಂದರೆ ಬರಿಯ ಪ್ರಾಣಿಯಲ್ಲ, ರಾಜ್ಯಲಕ್ಷ್ಮಿಯ ಕುರುಹು. ಆದುದರಿಂದ ಇನ್ನೊಂದನ್ನು ಹುಡುಕುತ್ತ ಅರಸನು ಪರಿವಾರದೊಡನೆ ಕಾಡಿಗೆ ಹೊರಟು ತಿಂಗಳುಗಟ್ಟಲೆ ಅಲ್ಲಿಯೇ ಉಳಿದನೆಂದು ಬಖೈರುಗಳು ಹೇಳುತ್ತವೆ. ಅವನಿಲ್ಲದ ವೇಳೆಯಲ್ಲಿ ಬ್ಯತ್ತಬ ಎಂಬ ಸರದಾರನು ರಾಜಧಾನಿಯಾದ ಮರ್ತಬಾನನ್ನೇ ಹಿಡಿದುಕೊಂಡನು. ಈ ಬ್ಯತ್ತಬನ ಸೋದರನೇ ನಮ್ಮ ಲೌಕ್‌ಪ್ಯಾ. ಅವನು ಪಶ್ಚಿಮದಲ್ಲಿ ಮ್ಯೌಂಗ್‌ಮ್ಯಾವನ್ನು ತನ್ನದೆಂದು ನಿಂತನು. ಹಿಂದಿರುಗಿ ಬಂದ ಅರಸನಿಗೆ ತನ್ನ ಊರಿನ ಬಾಗಿಲೇ ತೆರೆಯಲಿಲ್ಲ. ಅವನು ಉತ್ತರದ ಡೊನ್‌ವುನ್ ಎಂಬಲ್ಲಿ ಕೆಲವು ವರ್ಷ ನೆಲಸಿದ್ದನು. ಅಲ್ಲಿಂದಲೂ ಎದ್ದು 1369ರಲ್ಲಿ ಪೆಗುವನ್ನು ಸೇರಿದನು. ಹಂಸಾವತೀ ರಾಜ್ಯವೆಂದು ಹೆಸರಾದ ಆ ರಾಜ್ಯಕ್ಕೆ ಹಂಸಾವತಿಯೇ ರಾಜಧಾನಿಯಾದದ್ದು ಹೀಗೆ, ದಂಗೆಕಾರರ ದೆಸೆಯಿಂದ! ಮುಂದೆ 1539ರ ವರೆಗೂ ಅದೇ ರಾಜಧಾನಿಯಾಗಿ ಉಳಿಯಿತು.

ಕೊನೆಗೆ, ಸುಮಾರು 1371ರಲ್ಲಿ, ಬಿನ್ಯಾ ಊ ಸಂಧಿಗೆ ಒಪ್ಪಿದನು. ಮರ್ತಬಾನ್ ಬ್ಯತ್ತಬನಿಗೆ, ಮ್ಯೌಂಗ್‌ಮ್ಯಾ ಲೌಕ್‌ಪ್ಯಾನಿಗೆ. ಇಬ್ಬರೂ ಪೆಗುವನ್ನು ಹೆಸರಿಗೆ ಮೇಲಿನದೆಂದು ಒಪ್ಪತಕ್ಕದ್ದು. ದಂಗೆಯು ಹೀಗೆ ಹಕ್ಕಾಗಿ ಮಾರ್ಪಟ್ಟಿತು. ಈ ಸಂಗತಿಯನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳದೆ 1385ರ ಓಲೆಯನ್ನು ಅರ್ಥಮಾಡುವುದು ಸಾಧ್ಯವಿಲ್ಲ. ಓಲೆಯನ್ನು ಬರೆಯಿಸುವ ಹೊತ್ತಿಗೆ ಲೌಕ್‌ಪ್ಯಾನು ನಿನ್ನೆ ಮೊನ್ನೆ ಎದ್ದ ದಂಗೆಕಾರನಾಗಿರಲಿಲ್ಲ. ಇಪ್ಪತ್ತು ವರ್ಷಗಳಿಂದ ತನ್ನ ಸೀಮೆಯನ್ನು ಆಳುತ್ತಿದ್ದವನು, ಅದರಲ್ಲಿ ಹದಿಮೂರು ಹದಿನಾಲ್ಕು ವರ್ಷ ದೊರೆಯ ಒಪ್ಪಿಗೆಯಿಂದಲೇ ಆಳಿದವನು. ಆ ಇಪ್ಪತ್ತು ವರ್ಷಗಳಲ್ಲಿ ಒಂದು ತಲೆಮಾರು ಬೆಳೆದು ನಿಂತಿತ್ತು. ಆ ಕಾಲುವೆಗಳ ದಡದಲ್ಲಿ ಹುಟ್ಟಿದ ಹುಡುಗನಿಗೆ ಒಡೆಯನೆಂದರೆ ಲೌಕ್‌ಪ್ಯಾನಲ್ಲದೆ ಬೇರೆ ಯಾರು?

1384ರ ಜನವರಿಯಲ್ಲಿ ಬಿನ್ಯಾ ಊ ತೀರಿಕೊಂಡನು. ಅವನ ಕಡೆಗಾಲದಲ್ಲಿ ರಾಜ್ಯಭಾರವನ್ನು ನಡೆಯಿಸುತ್ತಿದ್ದವಳು ಅವನ ಸೋದರಿಯಾದ ಮಹಾದೇವಿ. ಆದರೆ ಅರಸನ ಮಗನಾದ ಬಿನ್ಯಾ ನ್ವೆ ಎಂಬವನು ಹಿಂದಿನ ವರ್ಷವೇ ಅರಮನೆಯಿಂದ ತಪ್ಪಿಸಿಕೊಂಡು ಹೋಗಿ ಡಗೊನಿನಲ್ಲಿ, ಎಂದರೆ ಈಗಿನ ಯಾಂಗೊನಿನಲ್ಲಿ, ದಂಗೆಯೆದ್ದು ಕುಳಿತಿದ್ದನು. ತಂದೆಯು ಸತ್ತೊಡನೆ ಬಂದು ಪಟ್ಟವನ್ನು ಏರಿದನು. 1368ರಲ್ಲಿ ಹುಟ್ಟಿದ ಅವನಿಗೆ ಆಗಿನ್ನೂ ಹದಿನಾರು ತುಂಬಿರಲಿಲ್ಲ. ಅವನು ಧರಿಸಿದ ಬಿರುದು ರಾಜಾಧಿರಾಜ. ಬರ್ಮೀ ನಾಲಿಗೆಯಲ್ಲಿ ಅದು ರಜಾದರಿತ್ ಆಯಿತು. ಮೂರು ಸೀಮೆಗಳಲ್ಲಿ ಒಂದೇ ಒಂದು ಕೈಯಲ್ಲಿರುವಾಗ ಹುಡುಗನೊಬ್ಬನು ರಾಜಾಧಿರಾಜನೆಂದು ಕರೆದುಕೊಂಡರೆ ಮರ್ತಬಾನಿನವರೂ ಮ್ಯೌಂಗ್‌ಮ್ಯಾದವರೂ ನಕ್ಕಿರಬೇಕು. ನಗುವಿನ ಹಿಂದೆ ಅಂಜಿಕೆಯೂ ಇದ್ದಿರಬೇಕು. ಏಕೆಂದರೆ ಸಂಧಿಯು ಆದದ್ದು ತಂದೆಯೊಡನೆ. ಆ ಕಾಲದಲ್ಲಿ ಸಂಧಿಗಳು ಆಳಿಗೂ ಆಳಿಗೂ ಆಗುತ್ತಿದ್ದುವು, ರಾಜ್ಯಕ್ಕೂ ರಾಜ್ಯಕ್ಕೂ ಅಲ್ಲ. ತಂದೆಯ ಅಪಮಾನವನ್ನು ಮಗನು ನೆನಪಿನಲ್ಲಿ ಇಟ್ಟುಕೊಂಡಿದ್ದರೆ ಮೊದಲು ಬೀಳುವ ಏಟು ಯಾರ ಮೇಲೆಂಬುದನ್ನು ಲೌಕ್‌ಪ್ಯಾನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗಿರುವಲ್ಲಿ ಅವನು ಮಾಡಿದ ಎಣಿಕೆ ಮೇಲ್ನೋಟಕ್ಕೆ ಸುಸೂತ್ರವಾಗಿದೆ. ಪೆಗು ಮಗ್ಗುಲಲ್ಲಿದೆ, ಆವಾ ದೂರದಲ್ಲಿದೆ. ಮಗ್ಗುಲಿನ ಒಡೆಯನಿಗಿಂತ ದೂರದ ಒಡೆಯನು ಲೇಸು. ಕಪ್ಪವನ್ನು ಕಳುಹಿಸಿದರೆ ಸುಮ್ಮನಿರುವನು, ನಿತ್ಯದ ಆಡಳಿತದಲ್ಲಿ ಕೈಯಿಕ್ಕುವುದಿಲ್ಲ. ಮಾಂಡಲಿಕರು ಎಲ್ಲ ದೇಶಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಮಾಡಿದ ಎಣಿಕೆಯೇ ಇದು. ಇದರಲ್ಲಿ ಅವನು ಎರಡು ಸಂಗತಿಗಳನ್ನು ಮರೆತನೆಂದು ನನಗೆ ಕಾಣುತ್ತದೆ. ಒಂದು, ಸ್ವಾಸಾಕೆಯು ಮಾಂಡಲಿಕನನ್ನು ಹುಡುಕುತ್ತಿರಲಿಲ್ಲ, ಕಳೆದುಹೋದ ಸಾಮ್ರಾಜ್ಯವನ್ನು ಹುಡುಕುತ್ತಿದ್ದನು. ಅವನು ಪೆಗುವನ್ನು ಗೆದ್ದಿದ್ದರೆ ಮ್ಯೌಂಗ್‌ಮ್ಯಾವನ್ನು ಎಷ್ಟು ಕಾಲ ಬಿಟ್ಟಿರುತ್ತಿದ್ದನೋ ಹೇಳಬಲ್ಲವರಾರು? ಎರಡನೆಯದು ಮಳೆ.

ಮಳೆಯ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಈ ಯುದ್ಧದ ನಿಜವಾದ ಸೇನಾಪತಿಯು ಅದೇ. ಆವಾದ ನಾಡು ಬಯಲುಸೀಮೆ. ಅಲ್ಲಿಯ ದಂಡು ಸುಗ್ಗಿ ಮುಗಿದ ಮೇಲೆ, ನೆಲ ಗಟ್ಟಿಯಾದ ಮೇಲೆ ಹೊರಡಬೇಕು. ಒಂದು ದಾರಿ ಟೌಂಗೂವಿನ ಮೇಲೆ ಸಿಟ್ಟಾಂಗ್ ಕಣಿವೆಯಲ್ಲಿ, ಇನ್ನೊಂದು ಪ್ರೋಮಿನ ಮೇಲೆ ಐರಾವತಿಯ ಜೊತೆಯಲ್ಲಿ. ದಕ್ಷಿಣವನ್ನು ಮುಟ್ಟುವ ಹೊತ್ತಿಗೆ ಪುಷ್ಯಮಾಸ ಬಂದಿರುವುದು. ವೈಶಾಖ ಕಳೆದೊಡನೆ ಸಮುದ್ರದ ಕಡೆಯಿಂದ ಮಳೆ ಹಿಡಿಯಿತೆಂದರೆ ದಕ್ಷಿಣದ ಬಯಲೆಲ್ಲ ನೀರು, ಬಿಡಾರದಲ್ಲಿ ಜ್ವರ, ಬತ್ತದ ಬಂಡಿಗಳು ಕೆಸರಿನಲ್ಲಿ. ನಡುವೆ ಸಿಕ್ಕುವುದು ನಾಲ್ಕು ತಿಂಗಳು, ಬಹಳವಾದರೆ ಐದು. ಕೋಟೆಯೊಳಗಿನವರು ಅಷ್ಟು ದಿನ ಹಸಿವನ್ನು ತಾಳಿಕೊಂಡರೆ ಸಾಕು, ಉಳಿದ ಕೆಲಸವನ್ನು ಆಕಾಶವು ಮಾಡುವುದು. ಅಳಿವೆಯಲ್ಲಿಯೇ ಬಾಳಿದ ಲೌಕ್‌ಪ್ಯಾನಿಗೆ ಇದು ತಿಳಿಯದ ವಿಷಯವಲ್ಲ. ಆದರೂ ಬೇಕಾದುದನ್ನು ನಂಬುವುದು ಮನುಷ್ಯನ ಸ್ವಭಾವ.

1385ರ ಕೊನೆಯಲ್ಲಿ ಸ್ವಾಸಾಕೆಯ ಇಬ್ಬರು ಮಕ್ಕಳ ಹೆಸರಿನಲ್ಲಿ ಎರಡು ದಂಡುಗಳು ಎರಡು ದಾರಿಗಳಿಂದಲೂ ಇಳಿದುವು. ಹಿರಿಯನಾದ ತಾರಬ್ಯಾನಿಗೆ ಹದಿನೇಳು ವರ್ಷ. ಕಿರಿಯನಾದ ಮಿನ್ ಸ್ವೆಯು ಹನ್ನೆರಡರ ಹುಡುಗ. ಆನೆಯ ಮೇಲೆ ಕುಳಿತವರು ಅವರಾದರೂ ದಂಡನ್ನು ನಡೆಯಿಸಿದವರು ಅನುಭವಸ್ಥರಾದ ಊರೊಡೆಯರು, ಎಂದರೆ ಲೌಕ್‌ಪ್ಯಾನಂಥವರೇ. ಪೆಗುವಿನ ಹುಡುಗ ಅರಸನು ತೆರೆದ ಬಯಲಿಗೆ ಸುಲಭವಾಗಿ ಬರಲಿಲ್ಲ. ಕೋಟೆಗಳನ್ನು ಹಿಡಿದು ಕುಳಿತು ದಿನಗಳನ್ನು ಎಣಿಸಿದನು. ಮಳೆಗಾಲ ಸಮೀಪಿಸಿತು, ಆವಾದವರು ಬಂದ ದಾರಿಯನ್ನು ಹಿಡಿದರು. ಮರುವರ್ಷ ಸ್ವಾಸಾಕೆಯು ತಾನೇ ದೊಡ್ಡ ದಂಡಿನೊಡನೆ ಬಂದನು. ಡಗೊನ್, ದಲ, ಲ್ಹೈಂಗ್ ಮುಂತಾದ ಊರುಗಳ ಸುತ್ತ ಕಾದಾಟವಾಯಿತು. ಆಗಲೂ ಕೋಟೆಗಳು ಬೀಳಲಿಲ್ಲ. 1387ರ ಮಳೆಗೆ ಮುಂಚೆ ಅವನೂ ಮನೆಗೆ ಹೋದನು.

ಆವಾದ ಅರಸನಿಗೆ ಹೋಗುವುದಕ್ಕೆ ಮನೆಯಿತ್ತು. ಮ್ಯೌಂಗ್‌ಮ್ಯಾದ ಅಧಿಪತಿಗೆ ಮನೆಯಿದ್ದುದು ಯುದ್ಧವು ನಡೆದ ನೆಲದಲ್ಲಿಯೇ. ಎರಡು ಸಲ ಆವಾವನ್ನು ಹಿಂದಕ್ಕೆ ಕಳುಹಿಸಿದ ಹುಡುಗನು ಈಗ ಹುಡುಗನಾಗಿರಲಿಲ್ಲ; ಎರಡು ವರ್ಷದ ಮುತ್ತಿಗೆಯು ಅವನನ್ನು ದಳಪತಿಯನ್ನಾಗಿ ಮಾಡಿತ್ತು, ಅವನ ಸುತ್ತ ನಂಬಿಕೆಯ ಸರದಾರರನ್ನು ಕೂಡಿಸಿತ್ತು. ಲೌಕ್‌ಪ್ಯಾನು ಯಾವ ಬೇರನ್ನು ಕೀಳಿಸಬೇಕೆಂದು ಓಲೆ ಬರೆಯಿಸಿದನೋ ಆ ಬೇರಿಗೆ ತಾನೇ ನೀರೆರೆದಂತಾಯಿತು. ರಾಜಾಧಿರಾಜನು ಮೊದಲು ಪೂರ್ವಕ್ಕೆ ತಿರುಗಿದನು. 1388ರ ಹೊತ್ತಿಗೆ ಮರ್ತಬಾನ್ ಅವನ ಕೈಸೇರಿತು. ಇಪ್ಪತ್ತನಾಲ್ಕು ವರ್ಷ ಅದನ್ನು ಉಂಡಿದ್ದ ಬ್ಯತ್ತಬನ ಕಾಲ ಮುಗಿಯಿತು. ಅನಂತರ ಪಶ್ಚಿಮದ ಸರದಿ. ಅಳಿವೆಯ ಕಾಲುವೆಗಳನ್ನು ಬಲ್ಲ ಮೋನ್ ದೋಣಿಗಾರರು ಪೆಗುವಿನಲ್ಲಿಯೂ ಇದ್ದರು. ಬಯಲಿನ ಬರ್ಮೀಯರಿಗೆ ಗೋಡೆಯಾಗಿದ್ದ ನೀರು ಅವರಿಗೆ ಹೆದ್ದಾರಿ. 1390ರೊಳಗೆ ಬಸ್ಸೀನೂ ಮ್ಯೌಂಗ್‌ಮ್ಯಾವೂ ಬಿದ್ದುವು. ಲೌಕ್‌ಪ್ಯಾನು ಸೆರೆಸಿಕ್ಕನು. ಅವನ ಕುಟುಂಬದವರಲ್ಲಿ ಕೆಲವರು ಆವಾಕ್ಕೆ ಓಡಿಹೋಗಿ ಆಶ್ರಯವನ್ನು ಪಡೆದರು. ಸ್ವಾಸಾಕೆಯು 1390–91ರಲ್ಲಿ ಮತ್ತೊಮ್ಮೆ ದಂಡೆತ್ತಿದನಾದರೂ ಗಡಿಯನ್ನು ದಾಟಿ ಬಹಳ ದೂರ ಬರಲಾರದೆ ಕದನವಿರಾಮಕ್ಕೆ ಒಪ್ಪಿದನು. ಮೂರು ಸೀಮೆಗಳೂ ಒಂದೇ ಕೈಯಲ್ಲಿ ಸೇರಿ ರಾಜಾಧಿರಾಜ ಎಂಬ ಬಿರುದು ಆಗ ನಿಜವಾಯಿತು.

ಇದೇ ಕಾಲದ ಇನ್ನೊಬ್ಬ ಊರೊಡೆಯನನ್ನು ಲೌಕ್‌ಪ್ಯಾನ ಮಗ್ಗುಲಲ್ಲಿ ಇಟ್ಟು ನೋಡುವ ಆಸೆಯನ್ನು ನಾನು ತಡೆಯಲಾರೆ. ಅವನು ಯಮೆಥಿನಿನ ಅಧಿಪತಿಯಾದ ಥಿಲಾವಾ. 1367ರಲ್ಲಿ ಆವಾದ ಥಾಡೊ ಮಿನ್‌ಬ್ಯಾ ಸಿಡುಬಿನಿಂದ ಮಡಿದಾಗ ಮಂತ್ರಿಗಳು ಮೊದಲು ಹೋಗಿ ಪಟ್ಟವನ್ನು ಒಪ್ಪಿಸಲು ನಿಂತದ್ದು ಇವನ ಮುಂದೆ. ಮಾತೇ ಆಡದ ಮನುಷ್ಯನೆಂದು ಅವನಿಗೆ ಹೆಸರು. ಅವನು ಪಟ್ಟವನ್ನು ಒಲ್ಲೆನೆಂದು ಹೇಳಿ ಸ್ವಾಸಾಕೆಯ ಹೆಸರನ್ನು ಸೂಚಿಸಿದನು. ಸ್ವಾಸಾಕೆಯು ಅರಸನಾದದ್ದು ಹಾಗೆ. ಒಬ್ಬ ಮಾಂಡಲಿಕನು ಬೇಡವೆಂದು ಕೈಬಿಟ್ಟ ಪಟ್ಟವನ್ನು ಏರಿದವನು, ಹದಿನೆಂಟು ವರ್ಷಗಳ ಮೇಲೆ ಇನ್ನೊಬ್ಬ ಮಾಂಡಲಿಕನ ಓಲೆಯನ್ನು ಓದಿ ಯುದ್ಧಕ್ಕೆ ಹೊರಟನು! ಹಾಗೆಂದು ಥಿಲಾವಾನನ್ನು ಸಾಧುವೆಂದೂ ಲೌಕ್‌ಪ್ಯಾನನ್ನು ಖಳನೆಂದೂ ಹೇಳಿ ಮುಗಿಸಲಾಗದು. ಯಮೆಥಿನ್ ಆವಾದ ಅಂಗಳದಲ್ಲಿತ್ತು. ಮ್ಯೌಂಗ್‌ಮ್ಯಾ ಸಮುದ್ರದ ಅಂಚಿನಲ್ಲಿತ್ತು. ತೃಪ್ತಿಯನ್ನು ತಾಳುವುದು ಮೊದಲನೆಯವನಿಗೆ ಸುಲಭವಾಗಿತ್ತು.

ಮುಂದಿನ ಕಥೆಯಲ್ಲಿ ಲೌಕ್‌ಪ್ಯಾನಿಲ್ಲ. ಸ್ವಾಸಾಕೆಯು 1400ರಲ್ಲಿ ತೀರಿಕೊಂಡನು. ಹಿಂದಿನ ತಾರಬ್ಯಾನು ಪಟ್ಟವೇರಿದ ಕೆಲವೇ ತಿಂಗಳುಗಳಲ್ಲಿ, ಟಗೌಂಗಿನ ಅಧಿಪತಿಯ ಕೈಯಿಂದ, ಮತ್ತೆ ಒಬ್ಬ ಊರೊಡೆಯನ ಕೈಯಿಂದಲೇ, ಕೊಲೆಯಾದನು. ಮಿನ್ ಸ್ವೆಯು ಮಿನ್‌ಖೌಂಗನೆಂಬ ಹೆಸರಿನಿಂದ ಅರಸನಾದನು. ಈ ಗೊಂದಲವನ್ನು ಕಂಡ ರಾಜಾಧಿರಾಜನು 1401ರಲ್ಲಿ ನದಿಯ ಮೇಲೆ ಹಡಗುಗಳ ಸಾಲನ್ನು ಕಟ್ಟಿಕೊಂಡು ಆವಾದ ಕೋಟೆಯ ಬುಡದವರೆಗೆ ಬಂದನು. ಓಲೆಯು ಹೋದ ದಾರಿಯಲ್ಲಿಯೇ ಉತ್ತರವು ಹೋದಂತಾಯಿತು. ಕೋಟೆಯನ್ನು ಅವನೂ ಹಿಡಿಯಲಾರದೆ ಹಿಂದಿರುಗಿದನು. 1403ರಲ್ಲಿ ಸಂಧಿ; ಆವಾದ ಅರಸನ ತಂಗಿಯು ಪೆಗುವಿನ ಅಂತಃಪುರಕ್ಕೆ ಬಂದಳು. 1408ರಲ್ಲಿ ಮತ್ತೆ ಯುದ್ಧ.

ಕೊನೆಯ ದೊಡ್ಡ ಕಾಳಗವು ನಡೆದದ್ದು ಲೌಕ್‌ಪ್ಯಾನ ಅಳಿವೆಯಲ್ಲಿಯೇ. ಮಿನ್‌ಖೌಂಗನ ಮಗನಾದ ಮಿನ್ಯೆ ಕ್ಯಾವ್‌ಸ್ವಾ ಎಂಬ ಯುವರಾಜನು, ಇಪ್ಪತ್ತನಾಲ್ಕು ವರ್ಷದ ಕೆಚ್ಚೆದೆಯವನು, 1414–15ರ ಬೇಸಗೆಯಲ್ಲಿ ಅಳಿವೆಯ ಊರುಗಳನ್ನು ಒಂದೊಂದಾಗಿ ಹಿಡಿಯುತ್ತ ಬಂದು ದಲವನ್ನು ಮುತ್ತಿದನು. ಅವನ ಅಜ್ಜನಿಗೆ ಆಗದೆ ಹೋದುದು ಅವನಿಂದ ಆಗುವಂತೆ ಕಂಡಿತು. ಆದರೆ 1415ರ ಮಾರ್ಚಿಯಲ್ಲಿ ದಲದ ಬಳಿ ನಡೆದ ಕಾಳಗದಲ್ಲಿ ಅವನು ಏರಿದ್ದ ಆನೆಯು ಗಾಯಗಳಿಂದ ಕೆರಳಿ ಅವನನ್ನು ಕೆಡವಿತು. ಹಗೆಯ ಬಿಡಾರದಲ್ಲಿ, ಶುಶ್ರೂಷೆಯನ್ನು ಒಲ್ಲದೆ, ಅವನು ಸತ್ತನೆಂದೂ ರಾಜಾಧಿರಾಜನು ಅವನಿಗೆ ಅರಸುಮಗನಿಗೆ ತಕ್ಕ ಮರ್ಯಾದೆಯನ್ನು ಸಲ್ಲಿಸಿದನೆಂದೂ ಬಖೈರು ಹೇಳುತ್ತದೆ. ಆ ಮೇಲೆ ಎರಡು ಕಡೆಯಲ್ಲಿಯೂ ಯುದ್ಧದ ಉತ್ಸಾಹವು ಆರುತ್ತ ಬಂದಿತು. 1421ರಲ್ಲಿ ರಾಜಾಧಿರಾಜನು ಕಣ್ಮುಚ್ಚಿದನು. ಮಿನ್‌ಖೌಂಗನೂ ಸುಮಾರು ಅದೇ ಕಾಲದಲ್ಲಿ ತೀರಿಕೊಂಡನು. ಮಕ್ಕಳ ಕಾಲದಲ್ಲಿ ರಾಜಾಧಿರಾಜನ ಮಗಳಾದ ಶಿನ್ ಸಾಬುವನ್ನು ಆವಾಕ್ಕೆ ಕೊಟ್ಟು ವೈರವನ್ನು ಮುಗಿಸಿದರು. ಅವಳು ಕೆಲವು ವರ್ಷಗಳ ಮೇಲೆ ಆವಾದಿಂದ ತಪ್ಪಿಸಿಕೊಂಡು ತವರಿಗೆ ಬಂದು, ಮುಂದೆ ತಾನೇ ಪೆಗುವಿನ ರಾಣಿಯಾದ ಕಥೆ ಬೇರೆಯೇ ಇದೆ.

ಇಷ್ಟನ್ನೂ ನಾವು ತಿಳಿಯುವುದು ಮುಖ್ಯವಾಗಿ ಯಾವ ಗ್ರಂಥದಿಂದ ಎಂಬುದನ್ನು ಕಡೆಗೆ ಹೇಳಬೇಕು. ರಾಜಾಧಿರಾಜನ ಸಾಹಸಗಳನ್ನು ವರ್ಣಿಸುವ ರಜಾದರಿತ್ ಆಯೆದೊಬೊನ್ ಎಂಬ ಚರಿತೆಯೇ ಅದು; ಮೂಲ ಮೋನ್ ಭಾಷೆಯದು. ಹೆಸರೇ ಸೂಚಿಸುವಂತೆ ಅದು ಗೆದ್ದವನ ಗ್ರಂಥ. ಅದರಲ್ಲಿ ಲೌಕ್‌ಪ್ಯಾನು ಬಾಯಿತೆರೆಯುವುದು ಅರಸನಿಗೆ ಕೇಡನ್ನು ಬಗೆಯುವುದಕ್ಕೆ. ಇಪ್ಪತ್ತು ವರ್ಷ ಅವನು ಹೇಗೆ ಆಳಿದನು, ಅವನ ಮೀನುಗಾರರೂ ಉಪ್ಪಿನವರೂ ಅವನನ್ನು ಏನೆಂದು ಬಗೆದರು ಎಂಬುದು ಅದಕ್ಕೆ ಬೇಕಾದ ವಿಷಯವಲ್ಲ. ಬೇರೆ ಚರಿತೆಯನ್ನು ಬರೆಯಿಸಲು ಅವನಿಗೆ ಆಸ್ಥಾನವೂ ಉಳಿಯಲಿಲ್ಲ.

ಈ ಗ್ರಂಥವನ್ನು ಹದಿನಾರನೆಯ ಶತಮಾನದಲ್ಲಿ ಬರ್ಮೀ ಭಾಷೆಗೆ ತಂದವನು ಬಿನ್ಯಾ ದಲ. ದಲದ ಒಡೆಯನೆಂದು ಆ ಬಿರುದಿನ ಅರ್ಥ. ಯುವರಾಜನು ಬಿದ್ದ ಅದೇ ದಲ. ಅವನು ಬಯಿನ್ನೌಂಗ್ ಚಕ್ರವರ್ತಿಯ ಮಂತ್ರಿ, ಅವನ ದೊಡ್ಡ ದಂಡುಗಳ ನಾಯಕ. ಒಡೆಯನಿಗೆ ಎರಡು ಬಗೆಯದ ಸೇವಕನೆಂದು ಹೆಸರು ಪಡೆದಿದ್ದವನು. ಲೌಕ್‌ಪ್ಯಾನ ಓಲೆಯನ್ನು ತನ್ನ ಕಂಟದಿಂದ ಮತ್ತೊಂದು ಭಾಷೆಯಲ್ಲಿ ಬರೆಯುವಾಗ ಅವನ ಮನಸ್ಸಿನಲ್ಲಿ ಏನು ಸುಳಿಯಿತೋ! 1572–73ರಲ್ಲಿ ಪೂರ್ವದ ಲಾವೋ ದೇಶದ ಮೇಲೆ ಅವನು ನಡೆಯಿಸಿದ ದಂಡಯಾತ್ರೆಯು ಕೆಟ್ಟಿತು. ಚಕ್ರವರ್ತಿಯು ಮುನಿದು ಅವನನ್ನು ದೂರದ ಗಡಿಗೆ ಅಟ್ಟಿದನು; 1573ರಲ್ಲಿ ಅವನು ಅಲ್ಲಿಯೇ ಸತ್ತನು.